ನಾಲ್ಕೇ ಕಾಲಿನ ಚಿಟ್ಟೆ: ಉಳಿದೆರಡು ಎಲ್ಲಿ ಹೋದವು?

ಪ್ರಶ್ನೆ: ಬಿಡುವಾದಾಗ ಚಿಟ್ಟೆಗಳ ಫೋಟೋ ತೆಗೆಯುವುದು ನನ್ನ ಹವ್ಯಾಸ. ಮೊನ್ನೆ ಒಂದು ಫೋಟೋ ದೊಡ್ಡದು ಮಾಡಿ ನೋಡಿದರೆ ಆ ಚಿಟ್ಟೆಗೆ ನಾಲ್ಕೇ ಕಾಲು. ಕೀಟಕ್ಕೆ ಆರು ಕಾಲು ಅಂತ ಅಲ್ವಾ ನಾವು ಓದಿದ್ದು? ಎರಡು ಮುರಿದಿರಬೇಕು ಅಂದುಕೊಂಡೆ. ಹಳೆಯ ಫೋಟೋ ತೆಗೆದು ನೋಡಿದರೆ ಇನ್ನೂ ಎಂಟು ಹತ್ತು ಚಿಟ್ಟೆಗಳಿಗೂ ನಾಲ್ಕೇ. ಇವು 'ಬ್ರಷ್‌ಫೂಟೆಡ್' ಚಿಟ್ಟೆಗಳು ಎಂದು ತಿಳಿದವರೊಬ್ಬರು ಹೇಳಿದರು. ಅವರೇ, ಒಂದಕ್ಕೊಂದು ಹೋಲಿಕೆಯೇ ಇಲ್ಲದ ಎರಡು ಫೋಟೋ ನೋಡಿ 'ಎರಡೂ ಒಂದೇ ಪ್ರಭೇದ' ಅಂದರು. ನನಗೆ ಒಂದೇ ಥರ ಕಂಡ ಇನ್ನೆರಡನ್ನು 'ಬೇರೆ ಬೇರೆ' ಅಂದರು. ಅವರು ತಮಾಷೆ ಮಾಡಿದರಾ, ನನ್ನ ಕಣ್ಣೇ ಸರಿಯಿಲ್ಲವಾ?

ಉತ್ತರ: ನಿಮ್ಮ ಕಣ್ಣು ಸರಿಯಾಗಿದೆ, ಅವರೂ ತಮಾಷೆ ಮಾಡಿಲ್ಲ. ಚಿಟ್ಟೆಯ ಕಾಲೂ ಮುರಿದಿಲ್ಲ. ಆರೂ ಅಲ್ಲೇ ಇವೆ. ಮುಂದಿನ ಎರಡು ಮಾತ್ರ ತಲೆಯ ಹಿಂದೆ, ಎದೆಗೆ ಅವಚಿಕೊಂಡು ಮಡಚಿ ಕೂತಿವೆ. ಪಕ್ಕದಿಂದ ತೆಗೆದ ಫೋಟೋದಲ್ಲಿ ಅವು ಎದೆಯ ರೋಮದೊಳಗೆ ಸೇರಿಹೋಗುತ್ತವೆ.

ಓದುವ ದಿನಗಳಲ್ಲಿ ನಾನೂ ಇಲ್ಲೇ ಎಡವಿದವನು. ಪೆಟ್ಟಿಗೆಯಲ್ಲಿದ್ದ ಚಿಟ್ಟೆಗಳ ಪಟ್ಟಿ ಮಾಡುವಾಗ ಒಂದರ ಮುಂದೆ ಒಂದರಂತೆ 'ಮಾದರಿ ಹಾಳಾಗಿದೆ, ಎರಡು ಕಾಲಿಲ್ಲ' ಎಂದು ಬರೆಯುತ್ತಾ ಹೋಗಿದ್ದೆ. ಪುಟ ತುಂಬಿದ ಮೇಲೆ ಅನುಮಾನ ಬಂತು. ಇಷ್ಟೊಂದು ಚಿಟ್ಟೆಗಳಿಗೆ ಸರಿಯಾಗಿ ಅದೇ ಎರಡು ಕಾಲು ಮುರಿಯುವುದು ಹೇಗೆ?

ಸತ್ತು ಒಣಗಿದ ಚಿಟ್ಟೆ ಎಲ್ಲಾದರೂ ಸಿಕ್ಕರೆ ಅಂಗಾತ ಮಲಗಿಸಿ, ಹತ್ತು ಪಟ್ಟು ದೊಡ್ಡದು ಮಾಡುವ ಲೆನ್ಸ್ ಹಿಡಿದು ನೋಡಿ. ಹಿಂದಿನ ನಾಲ್ಕು ಕಾಲು ಉದ್ದಕ್ಕಿವೆ, ಗಂಟುಗಂಟಾಗಿವೆ, ತುದಿಯಲ್ಲಿ ಉಗುರಿದೆ. ತಲೆಯ ಹತ್ತಿರ ಮಾತ್ರ ಎರಡು ಪುಟ್ಟ ತುಂಡುಗಳು. ಗಂಡಾದರೆ ಅವುಗಳ ಮೇಲೆ ಉದ್ದುದ್ದ ರೋಮ ಬೆಳೆದು ಥೇಟ್ ಬಣ್ಣದ ಬ್ರಷ್ಷಿನ ಥರ ಕಾಣುತ್ತವೆ. ಬ್ರಷ್‌ಫೂಟೆಡ್ ಎಂಬ ಹೆಸರು ಬಂದದ್ದು ಅದರಿಂದಲೇ. ಕನ್ನಡದಲ್ಲಿ ಕುಂಚಗಾಲಿನ ಚಿಟ್ಟೆ ಅನ್ನೋಣ. ಗಂಡಿನ ಮುಂಗಾಲಿನ ಪಾದದಲ್ಲಿ ಗಂಟುಗಳು ಬೆಸೆದು ಒಂದೋ ಎರಡೋ ಉಳಿದಿರುತ್ತವೆ. ಹೆಣ್ಣಿನ ಪಾದದಲ್ಲಿ ಸಾಮಾನ್ಯವಾಗಿ ನಾಲ್ಕೈದು ಗಂಟು ಇರುತ್ತವೆ, ರೋಮ ಕಡಿಮೆ. ಇಬ್ಬರಿಗೂ ಅಲ್ಲಿ ಉಗುರಿಲ್ಲ. ಆದ್ದರಿಂದ ಆ ಕಾಲಿನಿಂದ ಏನನ್ನೂ ಹಿಡಿದುಕೊಳ್ಳಲಾಗದು, ನಡೆಯಲೂ ಆಗದು.

ಹಾಗಾದರೆ ಅವು ಸುಮ್ನೆ ಇವೆಯಾ? ಗಂಡಿನ ಮಟ್ಟಿಗೆ ದೊಡ್ಡ ಕೆಲಸವೇನೂ ಕಾಣುವುದಿಲ್ಲ. ಹೆಣ್ಣಿನ ಕಥೆ ಬೇರೆ. ಮೊಟ್ಟೆ ಇಡಲು ಹೊರಟ ಹೆಣ್ಣನ್ನು ಹತ್ತು ನಿಮಿಷ ಹಿಂಬಾಲಿಸಿ. ಎಲೆಯಿಂದ ಎಲೆಗೆ ಹಾರುತ್ತದೆ, ಕೂರುತ್ತದೆ, ಕೂತ ಕ್ಷಣವೇ ಆ ಪುಟ್ಟ ಮುಂಗಾಲುಗಳಿಂದ ಎಲೆಯನ್ನು ಪಟಪಟನೆ ಬಡಿಯುತ್ತದೆ. ತಮಟೆ ಬಾರಿಸಿದ ಹಾಗೆ. ಆಮೇಲೆ ಹೊಟ್ಟೆ ಬಗ್ಗಿಸಿ ಮೊಟ್ಟೆ ಅಂಟಿಸುತ್ತದೆ, ಇಲ್ಲವೇ ಎದ್ದು ಮುಂದಿನ ಎಲೆಗೆ ಹೋಗುತ್ತದೆ. ಆ ಬಡಿತದಲ್ಲಿ ಅದು ಎಲೆಯ ರುಚಿ ನೋಡುತ್ತಿದೆ. ಮುಂಗಾಲಿನ ಮುಳ್ಳುಗಳು ಎಲೆಯನ್ನು ಗೀರುತ್ತವೆ. ಅವುಗಳ ಪಕ್ಕದಲ್ಲೇ ಇರುವ ಸೂಕ್ಷ್ಮ ರೋಮಗಳು ಹೊರಬಂದ ರಸವನ್ನು ಗುರುತಿಸುತ್ತವೆ. ಮರಿಹುಳುಗಳು ಬಹಳ ಚೂಸಿ. ಒಂದು ಜಾತಿಯ ಗಿಡ ತಿಂದು ಬದುಕುವ ಹುಳು ಪಕ್ಕದ ಗಿಡದ ಎಲೆಯ ಮೇಲೆ ಹುಟ್ಟಿದರೆ ಉಪವಾಸ ಸಾಯುತ್ತದೆ. ಹಾಗಾಗಿ ತಾಯಿಗೆ ಇಲ್ಲಿ ತಪ್ಪು ಮಾಡುವ ಹಾಗಿಲ್ಲ. 2013ರಲ್ಲಿ ಹೆಲಿಕೋನಿಯಸ್ ಮೆಲ್ಪೊಮೆನೆ ಎಂಬ ಚಿಟ್ಟೆಯಲ್ಲಿ ರುಚಿ ಗ್ರಹಿಸುವ ಜೀನ್‌ಗಳನ್ನು ಹುಡುಕಿದಾಗ ಅವುಗಳಲ್ಲಿ ಹಲವು ಹೆಣ್ಣಿನ ಕಾಲಲ್ಲೇ ಜಾಸ್ತಿ ಚುರುಕಾಗಿರುವುದು ಕಂಡಿತು. ನಡೆಯುವ ಕೆಲಸ ಬಿಟ್ಟ ಕಾಲು ಹೆಣ್ಣಿಗೆ ನಾಲಿಗೆಯಾಗಿದೆ.

ಉಳಿದ ನಾಲ್ಕು ಕಾಲಿಗೂ ರುಚಿ ಗೊತ್ತು ಅನ್ನಿ. ಹಸಿದ ಚಿಟ್ಟೆಯ ರೆಕ್ಕೆಯನ್ನು ಮೆಲ್ಲಗೆ ಹಿಡಿದು, ಪಾದಕ್ಕೆ ಸಕ್ಕರೆ ನೀರು ತಾಗಿಸಿದರೆ ಸುರುಳಿ ಸುತ್ತಿದ ಸೊಂಡಿಲು ತಟ್ಟನೆ ಬಿಚ್ಚಿಕೊಳ್ಳುತ್ತದೆ. ಬರೀ ನೀರು ತಾಗಿಸಿದರೆ ಹೆಚ್ಚಿನ ಸಲ ಏನೂ ಆಗುವುದಿಲ್ಲ.

ಈಗ ನಿಮ್ಮ ಎರಡನೇ ಗೊಂದಲಕ್ಕೆ ಬರೋಣ. ಚಿಟ್ಟೆಗಳಲ್ಲಿ ರೆಕ್ಕೆಯ ಬಣ್ಣ ಬೇಗ ಬದಲಾಗುತ್ತದೆ, ಕಾಲು ನಿಧಾನಕ್ಕೆ ಬದಲಾಗುತ್ತದೆ. ನಾವು ಫೋಟೋದಲ್ಲಿ ಮೊದಲು ನೋಡುವುದು ರೆಕ್ಕೆಯನ್ನು. ಹಾಗಾಗಿ ಮೋಸ ಹೋಗುತ್ತೇವೆ.

ಮೋಸ ಹೋದವರಲ್ಲಿ ನೀವು ಮೊದಲಿಗರಲ್ಲ. ಜೀವಿಗಳಿಗೆ ಎರಡು ಪದದ ಹೆಸರಿಡುವ ಪದ್ಧತಿ ತಂದ ಲಿನೇಯಸ್ 1758ರಲ್ಲಿ ಯುರೋಪಿನ ಎರಡು ಚಿಟ್ಟೆಗಳಿಗೆ ಬೇರೆ ಬೇರೆ ಹೆಸರಿಟ್ಟ. ಕಿತ್ತಳೆ ಬಣ್ಣದ್ದು ಲೆವಾನಾ, ಕಪ್ಪು ರೆಕ್ಕೆಯ ಮೇಲೆ ಬಿಳಿ ಪಟ್ಟೆಯದ್ದು ಪ್ರೋರ್ಸಾ. ಕೊನೆಗೆ ಸಾಕಿ ನೋಡಿದಾಗ ಗೊತ್ತಾಯಿತು, ಎರಡೂ ಒಂದೇ. ವಸಂತದಲ್ಲಿ ಹೊರಬರುವ ಪೀಳಿಗೆ ಕಿತ್ತಳೆ, ಅದರ ಮಕ್ಕಳು ಬೇಸಿಗೆಯಲ್ಲಿ ಕಪ್ಪು. ಈ 'ಮ್ಯಾಪ್' ಚಿಟ್ಟೆಯಲ್ಲಿ ಬಣ್ಣ ತೀರ್ಮಾನ ಮಾಡುವುದು ಮುಖ್ಯವಾಗಿ ಮರಿಹುಳು ಬೆಳೆಯುವಾಗಿನ ಹಗಲಿನ ಉದ್ದ. ಹಗಲು ಉದ್ದವಿದ್ದರೆ ಪ್ಯೂಪಾ (ಹುಳು ಚಿಟ್ಟೆಯಾಗುವ ನಡುವಿನ ಹಂತ) ತಡಮಾಡದೆ ಚಿಟ್ಟೆಯಾಗುತ್ತದೆ, ಕಪ್ಪು ಬರುತ್ತದೆ. ಹಗಲು ಚಿಕ್ಕದಾದರೆ ಪ್ಯೂಪಾ ಚಳಿಗಾಲವೆಲ್ಲ ಮಲಗಿದ್ದು ಕಿತ್ತಳೆಯಾಗಿ ಹೊರಬರುತ್ತದೆ. ಜೀನ್‌ಗಳು ಅವೇ. ಒಳಗೆ ಎಕ್ಡೈಸೋನ್ ಎಂಬ ಹಾರ್ಮೋನ್ ಏರುವ ಹೊತ್ತು ಮಾತ್ರ ಬೇರೆ.

ಹುಲ್ಲು ತಿಂದು ಬೆಳೆಯುವ ಕಂದು ಚಿಟ್ಟೆಗಳಲ್ಲಿ ಇದು ಇನ್ನೂ ಸಾಮಾನ್ಯ. ಮಳೆಗಾಲದ ಪೀಳಿಗೆಯ ರೆಕ್ಕೆಯ ಅಡಿಭಾಗದಲ್ಲಿ ಕಣ್ಣಿನಂಥ ದೊಡ್ಡ ಚುಕ್ಕೆಗಳಿರುತ್ತವೆ. ಒಣಗಾಲದ್ದರಲ್ಲಿ ಅವು ಕುಗ್ಗಿ, ರೆಕ್ಕೆ ಒಣಎಲೆಯ ಥರ ಆಗುತ್ತದೆ. ಆಫ್ರಿಕಾದ ಬೈಸೈಕ್ಲಸ್ ಅನಿನಾನಾ ಎಂಬ ಚಿಟ್ಟೆಯನ್ನು ಪ್ರಯೋಗಾಲಯದಲ್ಲಿ ಬೆಚ್ಚಗೆ, ಸುಮಾರು 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಾಕಿದರೆ ದೊಡ್ಡ ಕಣ್ಚುಕ್ಕೆ. ತಂಪಾಗಿ, 17ರ ಆಸುಪಾಸಿನಲ್ಲಿ ಸಾಕಿದರೆ ಚಿಕ್ಕದು. ಒಡಹುಟ್ಟಿದವನ್ನೇ ಎರಡು ಪೆಟ್ಟಿಗೆಗೆ ಹಂಚಿದರೂ ಹೀಗೇ. ನಿಮ್ಮ ಪರಿಚಿತರು 'ಎರಡೂ ಒಂದೇ' ಅಂದ ಫೋಟೋಗಳ ತಾರೀಖು ಒಮ್ಮೆ ನೋಡಿ. ಒಂದು ಮಳೆಗಾಲದ್ದು, ಇನ್ನೊಂದು ಒಣಗಾಲದ್ದು ಆಗಿದ್ದರೆ ಅಲ್ಲೇ ಉತ್ತರ ಇದೆ.

ತಾರೀಖು ಒಂದೇ ಆಗಿದ್ದರೆ? ಆಗ ಬಹುಶಃ ಒಂದು ಗಂಡು, ಒಂದು ಹೆಣ್ಣು. ಹೈಪೊಲಿಮ್ನಾಸ್ ಮಿಸಿಪ್ಪಸ್ ಎಂಬ ಚಿಟ್ಟೆ ಇದಕ್ಕೆ ಒಳ್ಳೆಯ ಉದಾಹರಣೆ. ಗಂಡು ಕಪ್ಪು, ರೆಕ್ಕೆಯ ಮೇಲೆ ನೀಲಿ ಅಂಚಿನ ದೊಡ್ಡ ಬಿಳಿ ಮಚ್ಚೆಗಳು. ಹೆಣ್ಣು ಕಿತ್ತಳೆ, ರೆಕ್ಕೆಯ ತುದಿ ಕಪ್ಪು. ಗಂಡಹೆಂಡತಿ ಅಂದರೆ ಯಾರೂ ನಂಬುವುದಿಲ್ಲ. ಆದರೆ ಹೆಣ್ಣನ್ನು ಪ್ಲೇನ್ ಟೈಗರ್ ಎಂಬ ಬೇರೆ ಚಿಟ್ಟೆಯ ಪಕ್ಕದಲ್ಲಿಟ್ಟರೆ ಅವಳಿಜವಳಿ ಅನ್ನುತ್ತೀರಿ.

ಇದೇ ಕುಲದ ಹೈಪೊಲಿಮ್ನಾಸ್ ಬೊಲಿನಾ ವಿಷಯ ಬಂದಾಗ ಪೆಸಿಫಿಕ್ ಸಾಗರದ ಸಮೋವಾ ದ್ವೀಪಗಳ ಕಥೆ ಹೇಳದೆ ಮುಂದೆ ಹೋಗಲು ನನಗೆ ಮನಸ್ಸು ಬರುವುದಿಲ್ಲ. ಅಲ್ಲಿ ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ಈ ಚಿಟ್ಟೆಯ ಗಂಡುಗಳನ್ನು ಮೊಟ್ಟೆಯಲ್ಲೇ ಕೊಲ್ಲುತ್ತಿತ್ತು. ತಾಯಿಯಿಂದ ಮಕ್ಕಳಿಗೆ ಮೊಟ್ಟೆಯ ಮೂಲಕವೇ ದಾಟುವ ಬ್ಯಾಕ್ಟೀರಿಯಾ ಅದು. ಗಂಡಿನಿಂದ ಅದಕ್ಕೆ ಲಾಭವಿಲ್ಲ. 2001ರಲ್ಲಿ ಎಣಿಸಿದಾಗ ಗಂಡುಗಳು ನೂರಕ್ಕೆ ಒಂದರಷ್ಟು ಮಾತ್ರ. 2006ರ ಹೊತ್ತಿಗೆ ನೂರಕ್ಕೆ ಸುಮಾರು 40! ಬ್ಯಾಕ್ಟೀರಿಯಾ ಎಲ್ಲೂ ಹೋಗಿರಲಿಲ್ಲ. ಅದರ ಹೊಡೆತ ತಡೆಯುವ ಜೀನ್ ಚಿಟ್ಟೆಗಳಲ್ಲಿ ಹತ್ತೇ ಪೀಳಿಗೆಯೊಳಗೆ ಹರಡಿಬಿಟ್ಟಿತ್ತು. ಜೀವವಿಕಾಸ ಅಂದರೆ ಲಕ್ಷಾಂತರ ವರ್ಷದ ಮಾತು ಅಂದುಕೊಂಡವರಿಗೆ ನಾನು ಮೊದಲು ಹೇಳುವುದು ಈ ಕಥೆಯನ್ನೇ.

ಒಂದೇ ಥರ ಕಂಡು ಬೇರೆ ಬೇರೆ ಆಗಿರುವುದು ಇದಕ್ಕಿಂತ ಹಳೆಯ ಒಗಟು. ಹೆನ್ರಿ ವಾಲ್ಟರ್ ಬೇಟ್ಸ್ ಎಂಬ ಇಂಗ್ಲಿಷಿನವನು 1848ರಿಂದ 11 ವರ್ಷ ಅಮೆಜಾನ್ ಕಾಡಲ್ಲಿ ಚಿಟ್ಟೆ ಹಿಡಿದ. ಬಲೆಗೆ ಬಿದ್ದದ್ದನ್ನು ಕೈಯಲ್ಲಿ ಹಿಡಿದು ನೋಡಿದರೆ ಹಲವು ಸಲ ಅಂದುಕೊಂಡ ಚಿಟ್ಟೆಯೇ ಅಲ್ಲ. ಬೇರೆ ಕುಟುಂಬದ್ದು, ಮೇಲಿನ ವೇಷ ಮಾತ್ರ ಕುಂಚಗಾಲಿನದು. 1862ರಲ್ಲಿ ಅವನು ಕಾರಣ ಬರೆದ. ಕೆಲವು ಚಿಟ್ಟೆಗಳ ಮೈಯಲ್ಲಿ ವಿಷವಿದೆ, ಹಕ್ಕಿ ಒಮ್ಮೆ ತಿಂದು ಬುದ್ಧಿ ಕಲಿಯುತ್ತದೆ. ಅವುಗಳ ವೇಷ ಹಾಕಿದ ಸಾದಾ ಚಿಟ್ಟೆಯೂ ಆ ಹೆದರಿಕೆಯಲ್ಲೇ ಬಚಾವಾಗುತ್ತದೆ. ಆಮೇಲೆ 1870ರ ದಶಕದ ಕೊನೆಗೆ ಫ್ರಿಟ್ಸ್ ಮ್ಯುಲರ್ ಎಂಬ ಜೀವವಿಜ್ಞಾನಿ ಇನ್ನೊಂದು ಮಾತು ಸೇರಿಸಿದ. ವಿಷವಿರುವ ಎರಡು ಪ್ರಭೇದಗಳೂ ಒಂದೇ ವೇಷ ಹಾಕಬಹುದು. ಹಕ್ಕಿಗೆ ಪಾಠ ಕಲಿಸಲು ಬಲಿಯಾಗುವ ಚಿಟ್ಟೆಗಳ ಲೆಕ್ಕ ಎರಡೂ ಕಡೆ ಹಂಚಿಹೋಗುತ್ತದೆ.

ಇವೆರಡರಲ್ಲಿ ಯಾವುದು ಎಲ್ಲಿ ಎಂದು ಹೇಳುವುದು ಸುಲಭವಲ್ಲ. ಉತ್ತರ ಅಮೆರಿಕದ ವೈಸ್‌ರಾಯ್ ಚಿಟ್ಟೆ ಮೊನಾರ್ಕ್ ಚಿಟ್ಟೆಯ ವೇಷ ಹಾಕುತ್ತದೆ. ಎರಡೂ ಕುಂಚಗಾಲಿನವೇ. ವೈಸ್‌ರಾಯ್ ಪಾಪದ ಚಿಟ್ಟೆ, ಅದರಲ್ಲಿ ವಿಷವಿಲ್ಲ ಎಂದು ಪಠ್ಯಪುಸ್ತಕಗಳು ದಶಕಗಟ್ಟಲೆ ಹೇಳಿದವು. 1991ರಲ್ಲಿ ಡೇವಿಡ್ ರಿಟ್‌ಲ್ಯಾಂಡ್ ಮತ್ತು ಲಿಂಕನ್ ಬ್ರೋವರ್ ರೆಕ್ಕೆಗಳನ್ನೆಲ್ಲ ಕಿತ್ತು, ಬರೀ ಹೊಟ್ಟೆಯ ಭಾಗವನ್ನು ಕಾಡಿನ ಹಕ್ಕಿಗಳಿಗೆ ಕೊಟ್ಟು ನೋಡಿದರು. ವೇಷ ನೋಡಿ ಹೆದರುವ ಮಾತೇ ಇಲ್ಲ, ರುಚಿ ಒಂದೇ ಲೆಕ್ಕ. ಹಕ್ಕಿಗಳು ಮೊನಾರ್ಕನ್ನು ಬೇಡವೆಂದಷ್ಟೇ ವೈಸ್‌ರಾಯನ್ನೂ ಬೇಡವೆಂದವು. ಇಷ್ಟು ಸರಳ ಪ್ರಯೋಗಕ್ಕೆ ಅಷ್ಟು ವರ್ಷ ಬೇಕಾಯಿತು ಅನ್ನುವುದು ನನಗೆ ಇವತ್ತಿಗೂ ಸೋಜಿಗ.

ಮೊನಾರ್ಕಿಗೆ ವಿಷ ಬರುವುದು ಮರಿಹುಳು ತಿನ್ನುವ ಹಾಲುಗಿಡಗಳಿಂದ, ಅಂದರೆ ಎಕ್ಕದ ಬಳಗದ ಗಿಡಗಳಿಂದ. ಆ ಹಾಲಿನ ವಿಷ ಜೀವಕೋಶಗಳಿಂದ ಸೋಡಿಯಂ ಹೊರಹಾಕುವ ಪಂಪನ್ನೇ ನಿಲ್ಲಿಸಿಬಿಡುತ್ತದೆ. ಮೊನಾರ್ಕಿನ ಪಂಪಿನಲ್ಲಿ ಮೂರು ಚಿಕ್ಕ ಬದಲಾವಣೆಗಳಿವೆ, ವಿಷ ಅಲ್ಲಿ ಸರಿಯಾಗಿ ಕೂರುವುದಿಲ್ಲ. 2019ರಲ್ಲಿ ಅದೇ ಮೂರು ಬದಲಾವಣೆಗಳನ್ನು ಹಣ್ಣಿನ ನೊಣಕ್ಕೆ ಮಾಡಿದಾಗ ನೊಣವೂ ಆ ವಿಷ ತಿಂದು ಬದುಕಿತು.

ಇಷ್ಟೆಲ್ಲ ವೇಷ ಬದಲಾಯಿಸಲು ರೆಕ್ಕೆಗೆ ಸಾಧ್ಯವಾಗುವುದಾದರೂ ಹೇಗೆ? ರೆಕ್ಕೆ ಮುಟ್ಟಿದರೆ ಬೆರಳಿಗೆ ಹತ್ತುವ ಪುಡಿ ಇದೆಯಲ್ಲ, ಅದರ ಒಂದೊಂದು ಕಣವೂ ಒಂದೊಂದು ಹುರುಪೆ. ಸಾಮಾನ್ಯವಾಗಿ ಒಂದು ಹುರುಪೆಗೆ ಒಂದೇ ಬಣ್ಣ. ಮನೆಯ ಮುಂದಿನ ಚುಕ್ಕಿ ರಂಗೋಲಿಯ ಹಾಗೆ, ಯಾವ ಜಾಗಕ್ಕೆ ಯಾವ ಪುಡಿ ಅನ್ನುವುದರಲ್ಲೇ ಎಲ್ಲ ಇದೆ. 1920ರ ದಶಕದಲ್ಲಿ ಶ್ವಾನ್‌ವಿಚ್ ಮತ್ತು ಸ್ಯುಫರ್ಟ್ ಎಂಬ ಇಬ್ಬರು ವಿಜ್ಞಾನಿಗಳು ಒಬ್ಬರಿಗೊಬ್ಬರು ಗೊತ್ತಿಲ್ಲದೆ ಒಂದೇ ತೀರ್ಮಾನಕ್ಕೆ ಬಂದರು: ಕುಂಚಗಾಲಿನ ಕುಟುಂಬದ ರೆಕ್ಕೆಗಳ ಹಿಂದೆ ಒಂದೇ ಮೂಲ ನಕ್ಷೆ ಇದೆ. ಕೆಲವು ಪಟ್ಟೆ, ಒಂದು ಸಾಲು ಕಣ್ಚುಕ್ಕೆ. ಒಂದು ಚಿಟ್ಟೆಯಲ್ಲಿ ಪಟ್ಟೆ ದಪ್ಪ, ಇನ್ನೊಂದರಲ್ಲಿ ಮಾಯ, ಮತ್ತೊಂದರಲ್ಲಿ ಜಾಗ ಸರಿದು ಎಲೆಯ ನಡುನರದ ಹಾಗೆ ಕಾಣುತ್ತದೆ. ರೆಕ್ಕೆ ಮುಚ್ಚಿದರೆ ಥೇಟ್ ಒಣಎಲೆಯಾಗುವ ಕಲ್ಲಿಮಾ ಚಿಟ್ಟೆಯ ಗುಟ್ಟೂ ಇದೇ.

ಆಮೇಲೆ 1980ರಲ್ಲಿ ಫ್ರೆಡ್ ನಿಹೌಟ್ ಬಕೈ ಎಂಬ ಚಿಟ್ಟೆಯ ಪ್ಯೂಪಾ ತೆಗೆದುಕೊಂಡು, ಇನ್ನೂ ಬಣ್ಣ ಬರದ ಎಳೆ ರೆಕ್ಕೆಯಲ್ಲಿ ಕಣ್ಚುಕ್ಕೆಯ ನಡುವೆ ಬರಬೇಕಾದ ಚಿಟಿಕೆಯಷ್ಟು ಜೀವಕೋಶಗಳನ್ನು ಸುಟ್ಟರು. ಕಣ್ಚುಕ್ಕೆ ಮೂಡಲಿಲ್ಲ. ಅಂಥ ಕೋಶಗಳನ್ನೇ ಸುಡದೆ ಕಿತ್ತು ರೆಕ್ಕೆಯ ಬೇರೆ ಕಡೆ ನೆಟ್ಟರೆ ಚುಕ್ಕೆ ಇಲ್ಲದ ಜಾಗದಲ್ಲಿ ಚುಕ್ಕೆ ಮೂಡಿತು. ನಡುವಿನ ಕೋಶಗಳು ಸುತ್ತಲಿನವಕ್ಕೆ 'ನೀನು ಕಪ್ಪು, ನೀನು ಹಳದಿ' ಎಂದು ಸೂಚನೆ ಕೊಡುತ್ತಿದ್ದವು.

ಆ ಕೋಶಗಳಲ್ಲಿ ಚುರುಕಾಗಿರುವ ಜೀನ್ ಯಾವುದು ಎಂದು 1994ರಲ್ಲಿ ಶಾನ್ ಕ್ಯಾರಲ್ ತಂಡ ಹುಡುಕಿದಾಗ ಸಿಕ್ಕಿದ್ದು ಡಿಸ್ಟಲ್‌ಲೆಸ್. ಕೀಟಗಳನ್ನು ಓದಿದವರಿಗೆ ಅದು ಹಳೆಯ ಪರಿಚಯ. ಭ್ರೂಣದಲ್ಲಿ ಕಾಲು ಮೊಳೆಯಲು ಬೇಕಾದ ಜೀನ್ ಅದು! ಕಾಲಿನ ಕೆಲಸಕ್ಕೆ ಇದ್ದ ಜೀನ್ ರೆಕ್ಕೆಯ ಮೇಲೆ ಕಣ್ಣು ಬರೆಯುತ್ತಿತ್ತು. ಇದೊಂದೇ ಜೀನಿನ ಕಾಕತಾಳೀಯವೂ ಅಲ್ಲ. ಆಂಟೆನಾ, ಕಾಲು, ರೆಕ್ಕೆಗಳನ್ನು ರೂಪಿಸುವ ಜೀನ್‌ಗಳ ಹಳೆಯ ಜಾಲವೇ ಕಣ್ಚುಕ್ಕೆಗೂ ಬಳಕೆಯಾಗಿದೆ ಎಂದು ಆಂಟೋನಿಯಾ ಮಾಂಟೇರೋ ತಂಡ 2022ರಲ್ಲಿ ತೋರಿಸಿತು. ನೀವು ಕೇಳಿದ್ದು ಕಾಲು ಒಂದು, ರೆಕ್ಕೆ ಒಂದು, ಎರಡು ಪ್ರಶ್ನೆ. ಒಳಗೆ ಹೋದರೆ ಎರಡೂ ಒಂದೇ ಕಡೆ ಬಂದು ಸೇರುತ್ತವೆ.

ಬಣ್ಣಕ್ಕೂ ಹೀಗೇ ಕೆಲವೇ ಕೀಲಿಗಳಿವೆ. ಹೆಲಿಕೋನಿಯಸ್ ಚಿಟ್ಟೆಗಳಲ್ಲಿ ಕೆಂಪಿನ ಕೀಲಿ ಆಪ್ಟಿಕ್ಸ್ ಎಂಬ ಜೀನ್ ಎಂದು 2011ರಲ್ಲಿ ಗೊತ್ತಾಯಿತು. 2017ರಲ್ಲಿ ಆ ಜೀನನ್ನೇ ಕೆಡಿಸಿ ನೋಡಿದರು. ಕೆಂಪು ಹೋಗಿ ಕಪ್ಪಾಯಿತು, ಅದು ನಿರೀಕ್ಷೆ ಇದ್ದದ್ದೇ. ಬಕೈ ಚಿಟ್ಟೆಯಲ್ಲಿ ಮಾತ್ರ ಕಂದು ರೆಕ್ಕೆಯ ಮೇಲೆ ಹೊಳೆಯುವ ನೀಲಿ ಬಂತು. ಆ ನೀಲಿ ಬಣ್ಣದ ಪುಡಿಯಲ್ಲ, ಹುರುಪೆಯ ಪದರದ ದಪ್ಪದಿಂದ ಹುಟ್ಟುವ ಹೊಳಪು. ಇನ್ನೊಂದು ಕೀಲಿಯ ಕಥೆಯಂತೂ ವಿಜ್ಞಾನಿಗಳಿಗೇ ಪಾಠವಾಯಿತು. ಕಪ್ಪು ಬಣ್ಣದ ಜಾಗ ತೀರ್ಮಾನಿಸುವುದು ಕಾರ್ಟೆಕ್ಸ್ ಎಂಬ ಜೀನ್ ಎಂದು 2016ರಲ್ಲಿ ಪ್ರಕಟವಾಯಿತು. ನಾವೆಲ್ಲ ಅದನ್ನೇ ಹೇಳಿಕೊಂಡು ತಿರುಗಿದೆವು. 2024ರಲ್ಲಿ ನೋಡಿದರೆ ಅಸಲಿ ಕೀಲಿ ಕಾರ್ಟೆಕ್ಸ್ ಅಲ್ಲ, ಅದರ ಪಕ್ಕದಲ್ಲೇ ಇರುವ ಐವರಿ. ಪ್ರೋಟೀನನ್ನೇ ತಯಾರಿಸದ ಒಂದು ಆರ್‌ಎನ್‌ಎ. ಬೀದಿ ಸರಿಯಿತ್ತು, ಮನೆ ತಪ್ಪಾಗಿತ್ತು.

ಕಣ್ಚುಕ್ಕೆ ನಿಜಕ್ಕೂ ಹಕ್ಕಿಯನ್ನು ಹೆದರಿಸುತ್ತದಾ ಎಂದು ಕೇಳುವವರಿದ್ದಾರೆ. ಯುರೋಪಿನ ಪೀಕಾಕ್ ಚಿಟ್ಟೆಯ ಮಟ್ಟಿಗೆ ಹೌದು. 2005ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಚುಕ್ಕೆ ಹಾಗೇ ಇದ್ದ 34 ಚಿಟ್ಟೆಗಳಲ್ಲಿ ಹಕ್ಕಿಗೆ ಸಿಕ್ಕಿದ್ದು ಒಂದೇ. ಚುಕ್ಕೆಗೆ ಬಣ್ಣ ಬಳಿದು ಮುಚ್ಚಿದ 20ರಲ್ಲಿ 13 ಸತ್ತವು. ಅಂಚಿನಲ್ಲಿರುವ ಚಿಕ್ಕ ಚುಕ್ಕೆಗಳ ಕೆಲಸ ಬೇರೆ. ಅವು ಹಕ್ಕಿಯ ಕೊಕ್ಕನ್ನು ತಲೆಯಿಂದ ರೆಕ್ಕೆಯ ಅಂಚಿಗೆ ಎಳೆಯುತ್ತವೆ. ಅಂಚು ಹರಿದ ಚಿಟ್ಟೆಗಳ ಫೋಟೋ ನಿಮ್ಮ ಹತ್ತಿರವೂ ಇರಬೇಕು.

ಬಣ್ಣ ಇಷ್ಟು ಚಂಚಲವಾದ್ದರಿಂದ ಹಿಂದಿನವರು ಈ ಚಿಟ್ಟೆಗಳನ್ನು ಏಳೆಂಟು ಕುಟುಂಬಗಳಾಗಿ ಒಡೆದಿದ್ದರು. ಟೈಗರ್‌ಗಳದ್ದು ಒಂದು, ಕಂದು ಚಿಟ್ಟೆಗಳದ್ದು ಒಂದು, ನೀಲಿ ಮಾರ್ಫೋಗಳದ್ದು ಒಂದು, ಹೀಗೆ. ಹಳೆಯ ಪುಸ್ತಕಗಳಲ್ಲಿ ನಿಮಗೆ ಆ ಹೆಸರುಗಳೇ ಸಿಗುತ್ತವೆ, ಗಾಬರಿಯಾಗಬೇಡಿ. ಈಗ ಎಲ್ಲವೂ ನಿಂಫಾಲಿಡೇ ಎಂಬ ಒಂದೇ ಕುಟುಂಬ, ಒಳಗೆ 12 ಉಪಕುಟುಂಬ. ಪ್ರಭೇದಗಳು 6,000ಕ್ಕೂ ಜಾಸ್ತಿ. ಜಗತ್ತಿನ ಚಿಟ್ಟೆಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು ಈ ಕುಟುಂಬದ್ದೇ. ನಿಮ್ಮ ಫೋಟೋಗಳಲ್ಲಿ ನಾಲ್ಕು ಕಾಲಿನವು ಅಷ್ಟೊಂದು ಸಿಕ್ಕಿದ್ದು ಅದಕ್ಕೇ. 2009ರಲ್ಲಿ ನಿಕ್ಲಾಸ್ ವಾಲ್‌ಬರ್ಗ್ ಮತ್ತು ಜೊತೆಗಾರರು ಸುಮಾರು 400 ಕುಲಗಳ ಡಿಎನ್‌ಎ ಹೋಲಿಸಿ ಈ ಕುಟುಂಬದ ವಂಶವೃಕ್ಷ ಬರೆದರು. ಹುಟ್ಟು ಸುಮಾರು 9 ಕೋಟಿ ವರ್ಷ ಹಿಂದೆ. ಡೈನೋಸಾರ್‌ಗಳು ಅಳಿದ ಕಾಲದಲ್ಲಿ ಇವೂ ಹೆಚ್ಚುಕಡಿಮೆ ಮುಗಿದೇ ಹೋಗಿದ್ದವು. ಉಳಿದದ್ದು ಹತ್ತು ಹನ್ನೆರಡು ಕವಲು. ಈಗಿನ ವೈವಿಧ್ಯವೆಲ್ಲ ಆ ಕವಲುಗಳಿಂದ ಚಿಗುರಿದ್ದು.

ಕೊನೆಗೆ ಒಂದು ಎಚ್ಚರಿಕೆ. ನಾಲ್ಕು ಕಾಲು ಕಂಡ ಕೂಡಲೇ ಕುಂಚಗಾಲು ಎಂದು ಬರೆದುಬಿಡಬೇಡಿ. ಮೆಟಲ್‌ಮಾರ್ಕ್ ಎಂಬ ಇನ್ನೊಂದು ಕುಟುಂಬದಲ್ಲೂ ಗಂಡುಗಳ ಮುಂಗಾಲು ಕುಗ್ಗಿರುತ್ತದೆ. ಅಲ್ಲಿ ಹೆಣ್ಣುಗಳು ಮಾತ್ರ ಆರೂ ಕಾಲಲ್ಲಿ ನಡೆಯುತ್ತವೆ. ಕುಂಚಗಾಲಿನಲ್ಲಿ ಇಬ್ಬರಿಗೂ ನಾಲ್ಕೇ ಅನ್ನುವುದು ಗುರುತು.

ಅದಕ್ಕೂ ಒಂದು ಅಪವಾದ ಇದೆ. ಬೀಕ್ ಅಥವಾ ಸ್ನೌಟ್ ಎಂಬ ಚಿಟ್ಟೆಗಳು, ಮುಖದ ಮುಂದೆ ಕೊಕ್ಕಿನ ಹಾಗೆ ಚಾಚಿಕೊಂಡಿರುವವು. ಪ್ರಪಂಚದಲ್ಲೆಲ್ಲ ಸೇರಿ ಹತ್ತು ಹನ್ನೆರಡು ಪ್ರಭೇದಗಳಷ್ಟೇ. ಗಂಡು ನಾಲ್ಕು ಕಾಲಲ್ಲಿ ನಿಲ್ಲುತ್ತದೆ. ಹೆಣ್ಣು ಆರರಲ್ಲೂ ನಡೆಯುತ್ತದೆ, ಮುಂಗಾಲಿಗೆ ಉಗುರೂ ಇದೆ. ವಂಶವೃಕ್ಷದಲ್ಲಿ ಉಳಿದೆಲ್ಲ ಕುಂಚಗಾಲಿನವುಗಳಿಂದ ಮೊದಲೇ ಬೇರೆಯಾದ ಕವಲು ಇದೇ. ಮುಂಗಾಲು ನಡೆಯುವುದನ್ನು ಬಿಟ್ಟದ್ದು ಗಂಡಿನಲ್ಲಿ ಮೊದಲು, ಹೆಣ್ಣಿನಲ್ಲಿ ಆಮೇಲೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸುಳಿವು ನನಗೆ ಗೊತ್ತಿಲ್ಲ. ನಿಮ್ಮ ಹಳೆಯ ಫೋಟೋಗಳಲ್ಲಿ ಇಂಥ ಮೂಗುದ್ದದ ಚಿಟ್ಟೆ ಇದ್ದರೆ ಹುಡುಕಿ ಕಾಲು ಎಣಿಸಿ. ಆರು ಸಿಕ್ಕರೆ ಅದು ಹೆಣ್ಣು.